ಬ್ರಿಟನಿಯ ಗ್ಯಾಲೆಟ್: ಹಿಟ್ಟು, ನೀರು, ಉಪ್ಪು

ಕೇಳುಗರೆಲ್ಲರಿಗೂ ನಮಸ್ಕಾರ. ಫ್ರಾನ್ಸಿನ ವಾಯವ್ಯ ತುದಿಯಲ್ಲಿ ಅಟ್ಲಾಂಟಿಕ್ ಸಾಗರದೊಳಕ್ಕೆ ಚಾಚಿಕೊಂಡಿರುವ ಬ್ರಿಟನಿ ಪ್ರಾಂತ್ಯದ, ತೆಳುದೋಸೆಯಂಥ ಗ್ಯಾಲೆಟ್ಟನ್ನು ಮನೆಯಲ್ಲಿ ಮಾಡುವ ಬಗೆಯನ್ನು ಇಂದು ವಿವರಿಸಲಿದ್ದೇನೆ. ಮೈದಾದಿಂದ ಮಾಡುವ ಸಿಹಿ ಕ್ರೇಪ್ ಬೇರೆ, ಇದು ಬೇರೆ. ಗ್ಯಾಲೆಟ್ ಬಕ್‌ವೀಟ್ ಹಿಟ್ಟಿನದು, ಕಂದುಬಣ್ಣದ್ದು, ಊಟಕ್ಕೆಂದೇ ಮಾಡುವಂಥದ್ದು. ಉತ್ತರ ಭಾರತೀಯರು ನವರಾತ್ರಿಯ ಉಪವಾಸದಲ್ಲಿ ಬಳಸುವ, ಬೆಂಗಳೂರಿನ ಅಂಗಡಿಗಳಲ್ಲಿಯೂ ದೊರೆಯುವ ಕುಟ್ಟು ಹಿಟ್ಟೆಂದರೆ ಬಕ್‌ವೀಟ್ ಹಿಟ್ಟೇ.

ಬಕ್‌ವೀಟ್ ಹುಲ್ಲಿನ ಕುಲದ ಧಾನ್ಯವಲ್ಲ. ನಮ್ಮ ಚುಕ್ಕೆ ಸೊಪ್ಪಿನ ಕುಟುಂಬಕ್ಕೆ ಸೇರಿದ ಗಿಡದ ಮೂರು ಮೂಲೆಯ ಬೀಜ. ಗೋಧಿ ಚೆನ್ನಾಗಿ ಬಾರದ ಬ್ರಿಟನಿಯ ಆಮ್ಲೀಯ ಬಡ ಮಣ್ಣಿನಲ್ಲಿ ಅದು ಮೂರು-ಮೂರೂವರೆ ತಿಂಗಳಿಗೆ ಕೊಯ್ಲಿಗೆ ಬರುತ್ತಿದ್ದುದರಿಂದ ಅಲ್ಲಿನ ಬಡ ರೈತರ ನಿತ್ಯದ ಆಹಾರವಾಯಿತು. ಆ ಹಿಟ್ಟಿಗೆ 2010ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆಯೂ ದೊರೆತಿದೆ.

ಹಿಟ್ಟನ್ನು ಕೊಳ್ಳುವಾಗ ಮೂಸಿ ನೋಡಿರಿ. ಬಕ್‌ವೀಟಿನಲ್ಲಿರುವ ಎಣ್ಣೆಯಂಶ ಬೇಗ ಕಮಟುವುದರಿಂದ, ಹಳೆಯ ಹಿಟ್ಟಿನ ಗ್ಯಾಲೆಟ್ ಕಹಿಯಾಗುವುದಲ್ಲದೆ ಆರೋಗ್ಯಕ್ಕೂ ಕೇಡು. ಸ್ವಲ್ಪವೇ ತಂದು, ಫ್ರಿಜ್ಜಿನಲ್ಲಿಟ್ಟು, ಬೇಗ ಬಳಸುವುದು ಲೇಸು. ಬಕ್‌ವೀಟ್ ಕೆಲವರಿಗೆ ತೀವ್ರವಾದ ಅಲರ್ಜಿ ತರುತ್ತದೆಂಬುದೂ ನೆನಪಿರಲಿ.

ಇನ್ನೂರೈವತ್ತು ಗ್ರಾಂ ಹಿಟ್ಟಿಗೆ ಒಂದೂವರೆ ಚಮಚ ಹರಳುಪ್ಪನ್ನು ಪುಡಿಮಾಡಿ ಹಾಕಿರಿ. ನೀರು ಒಟ್ಟು ಸುಮಾರು ಆರುನೂರು ಮಿಲಿಲೀಟರ್ ಬೇಕು, ಆದರೆ ಒಮ್ಮೆಗೇ ಸುರಿಯಬಾರದು. ಮೊದಲು ಅರ್ಧದಷ್ಟು ನೀರು ಹಾಕಿ ಗಟ್ಟಿಯಾಗಿ ಕಲಸಿ, ಬ್ರಿಟನಿಯ ಹಳೆಯ ಮನೆಗಳಲ್ಲಿ ಮಾಡುತ್ತಿದ್ದಂತೆ, ಬರಿಗೈಯಿಂದ ಹಿಟ್ಟನ್ನು ತಳದಿಂದ ಎತ್ತಿ ಎತ್ತಿ ಬಡಿಯಬೇಕು. ಆರಂಭದಲ್ಲಿ ಅದು ಮರಳು ಮರಳಾಗಿ ಬೆರಳಿನಿಂದ ತುಂಡಾಗಿ ಬೀಳುತ್ತದೆ. ಹತ್ತು ನಿಮಿಷ ಬಿಡದೆ ಬಡಿದರೆ ಬಣ್ಣ ತುಸು ತಿಳಿಯಾಗಿ, ಲೋಳೆಯಂಥ ನುಣುಪು ಬಂದು, ಎತ್ತಿದ ಕೈಯಿಂದ ಪಟ್ಟಿಯಂತೆ ಇಳಿಯತೊಡಗುತ್ತದೆ. ಮೇಲ್ಮೈಯಲ್ಲಿ ಗುಳ್ಳೆಗಳು ಏಳುತ್ತವೆ. ಗೋಧಿ ಹಿಟ್ಟಿಗೆ ಜಿಗುಟು ಕೊಡುವ ಗ್ಲುಟೆನ್ ಎಂಬ ಅಂಶ ಈ ಹಿಟ್ಟಿನಲ್ಲಿ ಇಲ್ಲ. ಗ್ಯಾಲೆಟ್ ಹರಿಯದಂತೆ ಹಿಡಿದಿಡುವುದು ಪಿಷ್ಟವೂ ಈ ಲೋಳೆಯೂ ಮಾತ್ರ, ಆದ್ದರಿಂದಲೇ ಬಡಿಯುವ ಶ್ರಮವನ್ನು ತಪ್ಪಿಸಿಕೊಳ್ಳಬೇಡಿರಿ ಎಂದು ಒತ್ತಿ ಹೇಳುತ್ತೇನೆ. ಮೊಟ್ಟೆಯನ್ನೋ ಮೈದಾವನ್ನೋ ಬೆರೆಸಿದರೆ ಕೆಲಸ ಸುಲಭವಾಗುವುದು ನಿಜ, ಬ್ರಿಟನಿಯಲ್ಲಿಯೇ ಹಾಗೆ ಮಾಡುವವರು ಉಂಟು; ಆದರೆ ಬಕ್‌ವೀಟಿನ ಸುಟ್ಟ ಬೀಜದಂಥ ಪರಿಮಳ ಆ ಮಟ್ಟಿಗೆ ತಗ್ಗುತ್ತದೆ. ಮುಚ್ಚಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟು, ಮರುದಿನ ಮೇಲೆ ನಿಂತ ನೀರನ್ನು ಕದಡಿ, ಉಳಿದ ನೀರು ಸೇರಿಸಿರಿ. ಹದವು ನೀರುದೋಸೆಯ ಹಿಟ್ಟಿಗಿಂತ ದಪ್ಪ, ಉದ್ದಿನ ದೋಸೆಯದಕ್ಕಿಂತ ತೆಳು.

ಅಲ್ಲಿ ಇದನ್ನು ಬೇಯಿಸುವುದು ಬಿಲಿಗ್ ಎಂಬ ದುಂಡನೆಯ ಎರಕದ ಕಬ್ಬಿಣದ ಹಂಚಿನ ಮೇಲೆ, ಹರಡುವುದು ರೋಜೆಲ್ ಎಂಬ ಪುಟ್ಟ ಮರದ ಹಲಗೆಯಿಂದ. ನಮ್ಮ ಮನೆಯ ಪಳಗಿದ ಕಬ್ಬಿಣದ ಕಾವಲಿ ಈ ಕೆಲಸಕ್ಕೆ ಧಾರಾಳವಾಗಿ ಸಾಕು. ಕಾವಲಿ ಚೆನ್ನಾಗಿ ಕಾಯಬೇಕು: ಹಿಟ್ಟು ತಾಗಿದೊಡನೆ ಚುಂಯ್‌ಗುಟ್ಟಿ, ಆವಿ ಮೇಲೇಳುತ್ತ ಮೈತುಂಬ ಸಣ್ಣ ರಂಧ್ರಗಳನ್ನು ಮಾಡಬೇಕು. ಅವು ಮೂಡದಿದ್ದರೆ ಉರಿ ಸಾಲದೆಂದೇ ಅರ್ಥ. ಬೆಣ್ಣೆ ಸವರಿದ ಬಟ್ಟೆಯಿಂದ ಕಾವಲಿಯನ್ನು ಒರೆಸಿ, ಒಂದು ಸೌಟು ಹಿಟ್ಟು ಹುಯ್ದು, ಒತ್ತದೆ ಹಗುರವಾಗಿ ಹರಡಿರಿ. ಅಂಚು ತಾನಾಗಿ ಮೇಲೆದ್ದ ಮೇಲೆಯೇ ಮಗುಚಬೇಕು.

ಬ್ರಿಟನಿಯ ಭೋಜನಗೃಹಗಳಲ್ಲಿ ಹೆಸರಾದದ್ದು ಕಂಪ್ಲೀಟ್ ಎಂಬ ಬಗೆ. ಗ್ಯಾಲೆಟ್ಟಿನ ನಡುವೆ ಮೊಟ್ಟೆಯೊಡೆದು, ಬಿಳಿಯ ಭಾಗವನ್ನಷ್ಟೇ ಹರಡಿ, ತುರಿದ ಚೀಸನ್ನೂ ಹ್ಯಾಮನ್ನೂ ಇಟ್ಟು, ನಾಲ್ಕು ಅಂಚುಗಳನ್ನು ಒಳಮಡಿಚಿ ಚೌಕ ಮಾಡುತ್ತಾರೆ; ಹಳದಿ ಭಾಗ ನಡುವೆ ಕಾಣುತ್ತಿರಬೇಕು. ಮಾಂಸ ಬೇಡವೆಂದವರು ಬೆಣ್ಣೆಯಲ್ಲಿ ನಿಧಾನವಾಗಿ ಬಾಡಿಸಿದ ಈರುಳ್ಳಿ, ಅಣಬೆ ಅಥವಾ ಪಾಲಕ್ ತುಂಬಬಹುದು. ಬೆಣ್ಣೆ ಮಾತ್ರ ಉಪ್ಪು ಬೆರೆತದ್ದೇ ಇರಲಿ. ಫ್ರೆಂಚ್ ಅರಸರ ಗಾಬೆಲ್ ಎಂಬ ಉಪ್ಪಿನ ತೆರಿಗೆಯಿಂದ ಬ್ರಿಟನಿಗೆ ವಿನಾಯಿತಿ ಇದ್ದ ಕಾರಣ ಅಲ್ಲಿ ಉಪ್ಪು ಅಗ್ಗವಾಗಿತ್ತು, ಆ ತೆರಿಗೆ 1790ರಲ್ಲಿ ರದ್ದಾದ ಮೇಲೂ ಉಪ್ಪುಬೆಣ್ಣೆಯ ರೂಢಿ ಅಲ್ಲಿಂದ ಹೋಗಲಿಲ್ಲ.

ಉಳಿದ ಗ್ಯಾಲೆಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಎರಡು ದಿನ ಮೆತ್ತಗಿರುತ್ತವೆ. ಅವನ್ನು ಬೆಣ್ಣೆಯಲ್ಲಿ ಗರಿಗರಿಯಾಗುವಷ್ಟು ಕಾಯಿಸಿ, ಚೂರು ಮಾಡಿ, ತಣ್ಣನೆಯ ಮಜ್ಜಿಗೆಗೆ ಹಾಕಿ ತಿನ್ನುವುದು ಬ್ರಿಟನಿಯ ಹಳ್ಳಿಯವರ ಹಳೆಯ ರೂಢಿ. ಕಡೆದ ಮಜ್ಜಿಗೆ ನಮ್ಮ ಮನೆಗಳಲ್ಲಿ ಇದ್ದೇ ಇರುತ್ತದೆ. ಚೂರುಗಳು ನೆನೆದು ಮೆತ್ತಗಾಗುವ ಮೊದಲೇ ತಿನ್ನಿರಿ. ನಮಸ್ಕಾರ.