ಟೈಟಲ್ ಬ್ಲಾಕಿನ ಸಹಿ, ಏರೋಗ್ರಾಮಿನ ಅಂಚು

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿಯ ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು ಶುರುವಾದದ್ದು 1947ರಲ್ಲಿ. ಅಮೆರಿಕ ತನ್ನ ವಲಸೆ ಕಾನೂನು ಬದಲಿಸಿದ್ದು 1965ರಲ್ಲಿ; ಅಲ್ಲಿಯತನಕ ಭಾರತಕ್ಕಿದ್ದ ಕೋಟಾ ವರ್ಷಕ್ಕೆ ಬರೀ 100 ಜನ. ಆಮೇಲೆ ನಮ್ಮ ಭಾಗದಿಂದ ಹೋಗಿ ಅಲ್ಲೇ ನೆಲೆಸಿದ ಎಂಜಿನಿಯರುಗಳ ಮೊದಲ ತಲೆಮಾರು ಈಗ ಒಬ್ಬೊಬ್ಬರಾಗಿ ಅಗಲುತ್ತಿದೆ. ಪುಣ್ಯಸ್ಮರಣೆಗೆ ಮನೆಯವರು ಒಂದು ಪುಸ್ತಕ ತರುತ್ತಾರೆ. ಅದರಲ್ಲಿ ಡಿಗ್ರಿ, ಕಂಪನಿ, ಹುದ್ದೆ ಎಲ್ಲ ಇರುತ್ತದೆ. ಹಾಗೆ ಅಗಲಿದ ಕಾಕಾ ಬೆಳಗಿನಿಂದ ಸಂಜೆತನಕ ಮಾಡುತ್ತಿದ್ದ ಕೆಲಸವೇನು ಅಂತ ಮಾತ್ರ ತಿಳಿಯುವುದಿಲ್ಲ.

ಅದಕ್ಕೆ ಅವರ ನಕ್ಷೆಗಳನ್ನು ಬಿಚ್ಚಿ ನೋಡಬೇಕು. ಬಲಗಡೆ ಕೆಳಮೂಲೆಯಲ್ಲಿ ಟೈಟಲ್ ಬ್ಲಾಕ್ ಇರುತ್ತದೆ. ಬರೆದವರು, ತಪಾಸಣೆ ಮಾಡಿದವರು, ಮಂಜೂರು ಮಾಡಿದವರು ಅಂತ ಖಾನೆಗಳು. ಯಾವ ಇಸವಿಯಲ್ಲಿ ಅವರ ಚಿಕ್ಕಸಹಿ ಯಾವ ಖಾನೆಯಲ್ಲಿದೆ ಅಂತ ಪಟ್ಟಿ ಮಾಡಿ. ಮೊದಲ ಖಾನೆಯಿಂದ ಎರಡನೆಯದಕ್ಕೆ ಏರಲು ಹಿಡಿದ ವರ್ಷಗಳು ಸನ್ಮಾನಪತ್ರಕ್ಕಿಂತ ಹೆಚ್ಚು ಹೇಳುತ್ತವೆ. ಸಹಿ ಮೊದಲ ಖಾನೆಯಲ್ಲಷ್ಟೇ ಇದ್ದರೆ ‘ಸೇತುವೆ ಕಟ್ಟಿದರು’ ಎನ್ನಬೇಡಿ. ‘ಸೇತುವೆಯ ಈ ಭಾಗದ ನಕ್ಷೆ ಬರೆದರು’ ಎನ್ನಿ. ಲೆಕ್ಕದಲ್ಲಿ ಅಷ್ಟು ಕಟ್ಟುನಿಟ್ಟಾಗಿದ್ದವರನ್ನು ಉಬ್ಬಿಸಿ ಬರೆದರೆ ಅವರೇ ಒಪ್ಪುತ್ತಿರಲಿಲ್ಲ.

ಅಮೋನಿಯಾ ಪ್ರಿಂಟುಗಳನ್ನು, ಅಂದರೆ ಅಮೋನಿಯಾ ಬಳಸಿ ತೆಗೆದ ನಕ್ಷೆಯ ನಕಲುಗಳನ್ನು, ಬೆಳಕಿಗೆ ತೂಗುಹಾಕಿದರೆ ಗೆರೆ ಮಾಸುತ್ತವೆ. ಅವನ್ನು ಫೋಟೋಗಳ ಜೊತೆಗೂ ಇಡಬಾರದು. ಲ್ಯಾಮಿನೇಷನ್ ಯಾವ ಕಾಗದಕ್ಕೂ ಬೇಡ. ಬಿಸಿಗೆ ಅಂಟಿದ್ದನ್ನು ಮತ್ತೆ ಬಿಡಿಸಲಾಗದು. ಸ್ಲೈಡ್ ರೂಲ್, ಅಂದರೆ ಲೆಕ್ಕ ಮಾಡುವ ಜಾರುಪಟ್ಟಿ, ಸಿಕ್ಕರೆ ಎಣ್ಣೆ ಹಚ್ಚದೆ ಒಣ ಬಟ್ಟೆಯಿಂದ ಒರೆಸಿ. 1972ರಲ್ಲಿ ಎಚ್‌ಪಿ-35 ಕ್ಯಾಲ್ಕ್ಯುಲೇಟರ್ ಬಂದಾಗ ಬೆಲೆ 395 ಡಾಲರ್. ಅದಕ್ಕೂ ಮುಂಚೆ ಗುಣಾಕಾರ, ಭಾಗಾಕಾರ ಹೆಚ್ಚಾಗಿ ಈ ಪಟ್ಟಿಯ ಮೇಲೆಯೇ. ಉತ್ತರದಲ್ಲಿ ಸಿಗುವುದು ಸುಮಾರು ಮೂರು ಅಂಕಿ. ದಶಾಂಶ ಬಿಂದು ಎಲ್ಲಿ ಬೀಳಬೇಕೆಂಬುದನ್ನು ತಲೆಯಲ್ಲೇ ಇಟ್ಟುಕೊಳ್ಳಬೇಕಿತ್ತು.

ಇನ್ನು ಪತ್ರಗಳು. ಧಾರವಾಡದ ಜಡಿಮಳೆಯಲ್ಲಿ ಟ್ರಂಕಿನ ಕಾಗದ ಬೂಷ್ಟು ಹಿಡಿಯುತ್ತದೆ, ಗದಗಿನ ಕಡೆ ಗೆದ್ದಲಿನ ಕಾಟ. ತುಕ್ಕು ಹಿಡಿದ ಸ್ಟೇಪ್ಲರ್ ಪಿನ್ನನ್ನು ಎಳೆಯದೆ, ಕಾಲು ಬಿಡಿಸಿ ತೆಗೆಯಿರಿ. ಮಡಚಿದರೆ ತಾನೇ ಲಕೋಟೆಯಾಗುವ ನೀಲಿ ಏರೋಗ್ರಾಮಿನಲ್ಲಿ ಜಾಗ ಸಾಲದೆ ಮಡಚುವ ಅಂಚಿನಲ್ಲೂ ಬರೆದಿರುತ್ತಾರೆ. ತಂಗಿಯ ಲಗ್ನಕ್ಕೆ ಕಳಿಸಿದ ಡ್ರಾಫ್ಟಿನ ಸುದ್ದಿ, ಅವ್ವನ ಮಂಡಿನೋವಿನ ವಿಚಾರಣೆ ಹೆಚ್ಚಾಗಿ ಅಲ್ಲೇ ಸಿಗುವುದು. ಹಾಗಾಗಿ ಅಂಚು ಸಮೇತ ಎರಡೂ ಬದಿ ಸ್ಕ್ಯಾನ್ ಮಾಡಿ: ಪತ್ರಕ್ಕೆ 300 ಡಿಪಿಐ, ಫೋಟೋಕ್ಕೆ 600.

ತಾರೀಖು ಮೋಸ ಮಾಡುತ್ತದೆ. 3/7/71 ನಮಗೆ ಜುಲೈ 3, ಅಮೆರಿಕದವರಿಗೆ ಮಾರ್ಚ್ 7. ಹೋದ ಹೊಸದರಲ್ಲಿ ನಮ್ಮಂತೆ ಬರೆದವರು ಕ್ರಮೇಣ ಅವರಂತೆ ಬರೆಯತೊಡಗಿರಬಹುದು. ಅಂಚೆ ಮುದ್ರೆಗೆ ತಾಳೆ ನೋಡದೆ ಜೋಡಿಸಿದರೆ ಮಗು ಹುಟ್ಟುವ ಮುಂಚೆಯೇ ಜಾವಳ ಆಗಿಬಿಡುತ್ತದೆ!

ದನಿ ಇರುವ ಕ್ಯಾಸೆಟ್ಟಿದ್ದರೆ, ಟೇಪು ಕಾಣುವ ಅಂಚಿನ ಎದುರು ಬದಿಯ ಎರಡು ಪ್ಲಾಸ್ಟಿಕ್ ತುಣುಕುಗಳನ್ನು ಮೊದಲು ಮುರಿಯಿರಿ. ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅಳಿಯದು.

ಅಲ್ಲಿನ ಮೊಮ್ಮಕ್ಕಳಿಗೆ ಕನ್ನಡ ಓದಲು ಬಾರದಿದ್ದರೆ, ಪತ್ರಗಳನ್ನು ಮನೆಯ ಹಿರಿಯರೊಬ್ಬರಿಂದ ಓದಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಪ್ರತಿ ಪತ್ರಕ್ಕೂ ಮುಂಚೆ ತಾರೀಖು ಹೇಳಲಿ, ಫ್ಯಾನು ಬಂದ್ ಆಗಿರಲಿ.