ಪಡುವಣ ಕಿಟಕಿಗೆ ಮಡಚುವ ಮರೆ

ಎಲ್ಲರಿಗೂ ನಮಸ್ಕಾರ. ಪಡುವಣ ಕಿಟಕಿಗೆ ಬೀಳುವ ಸಂಜೆ ಬಿಸಿಲನ್ನು ಹೊರಗೇ ತಡೆಯುವ ಮಡಚುವ ಮರೆಯ ಬಗ್ಗೆ ಹೇಳುತ್ತೇನೆ. ಮೊದಲು ಲೆಕ್ಕ. ಶಿವಮೊಗ್ಗ ಇರುವುದು ಸುಮಾರು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ದಕ್ಷಿಣ ಗೋಡೆಯ 4 ಅಡಿ ಎತ್ತರದ ಕಿಟಕಿಗೆ ಡಿಸೆಂಬರ್ ನಡುಹಗಲಿನ ಬಿಸಿಲು ದಿಗಂತದಿಂದ 53 ಡಿಗ್ರಿ ಎತ್ತರದಿಂದ ಬೀಳುತ್ತದೆ. 3 ಅಡಿ ಸಜ್ಜಾ ಸಾಕು. ಅದೇ ಕಿಟಕಿ ಪಶ್ಚಿಮಕ್ಕಿದ್ದರೆ? ಮಾರ್ಚ್ 21ರ ಸಂಜೆ ನಾಲ್ಕೂವರೆಗೆ ಸೂರ್ಯ 30 ಡಿಗ್ರಿಗೆ ಇಳಿದಿರುತ್ತಾನೆ. ಸಜ್ಜಾ 7 ಅಡಿ ಬೇಕು. ಐದೂವರೆಗೆ 14 ಅಡಿ! ಅಷ್ಟುದ್ದ ಯಾರೂ ಕಟ್ಟುವುದಿಲ್ಲ. ಗಾಜಿನ ಮುಂದೆಯೇ ನಿಂತು, ಬೇಡವಾದಾಗ ಪಕ್ಕಕ್ಕೆ ಸರಿಯುವ ಮರೆ ಬೇಕು. ಅದು ಹೊರಗೇ ಇರಬೇಕು. ಒಳಗಿನ ಪರದೆಗೆ ಬಿಸಿಲು ತಗಲುವ ಹೊತ್ತಿಗೆ ಶಾಖ ಕೋಣೆ ಸೇರಿಯಾಗಿರುತ್ತದೆ.

ಮಲೆನಾಡಿಗೆ ಇದು ಹೊಸತೇನಲ್ಲ. ಮಳೆಗಾಲಕ್ಕೆ ಜಗಲಿಗೆ ಸೋಗೆ ತಟ್ಟಿ ಕಟ್ಟಿ, ಮಳೆ ಬಿಟ್ಟ ಮೇಲೆ ಬಿಚ್ಚುತ್ತೇವಲ್ಲ. ಮಡಚುವ ಮರೆಯೂ ಮಾರ್ಚ್‌ನಿಂದ ಬಿಸಿಲಿಗೆ, ಜೂನ್‌ನಿಂದ ಎರಚಲಿಗೆ ಅಡ್ಡ ನಿಲ್ಲುತ್ತದೆ. ಅದಕ್ಕೇ ಮಡಿಕೆಗಳು ನೆಟ್ಟಗೆ, ಮೇಲಿಂದ ಕೆಳಗೆ ಇರಬೇಕು. ಅಡ್ಡ ಮಡಿಕೆ ಮಾಡಿದರೆ ಸಂದಿನಲ್ಲಿ ನೀರು ನಿಂತು ಪಾಚಿ ಕಟ್ಟುತ್ತದೆ.

120 ಸೆಂ.ಮೀ. ಅಗಲದ ಕಿಟಕಿಗೆ 16 ಸೆಂ.ಮೀ. ಅಗಲದ 8 ಹಲಗೆ, ಒಂದಕ್ಕೊಂದು ಕೀಲು ಹಾಕಿ ಜೋಡಿಸಿದ್ದು. ಸರಿಸಂಖ್ಯೆಯೇ ಇರಲಿ, ಆಗ ಎರಡೂ ತುದಿ ಚಾನೆಲ್ (ರೋಲರ್ ಓಡುವ ಹಳಿ) ಗೆರೆಯ ಮೇಲೇ ಬರುತ್ತವೆ. ಒಂದು ತುದಿ ಗೋಡೆಗೆ ಭದ್ರ. ಅಲ್ಲಿಂದ ಒಂದು ಬಿಟ್ಟು ಒಂದು ಕೀಲಿಗೆ ರೋಲರ್, ಒಟ್ಟು ನಾಲ್ಕು. ಪೂರ್ತಿ ಚಪ್ಪಟೆಯಾಗಲು ಮಾತ್ರ ಬಿಡಬೇಡಿ. ಚಪ್ಪಟೆಯಾದ ಹಲಗೆ ಮತ್ತೆ ತಳ್ಳಿದಾಗ ಯಾವ ಕಡೆಗೆ ಮಡಚಬೇಕೆಂದು ತಿಳಿಯದೆ ಸಿಕ್ಕಿಕೊಳ್ಳುತ್ತದೆ, ಬಲವಂತ ಮಾಡಿದರೆ ಕೀಲು ತಿರುಚುತ್ತದೆ. ಎರಡು ಹಲಗೆಗಳ ನಡುವೆ 150 ಡಿಗ್ರಿಗೆ ತಡೆ ಕೊಡಿ. ಆಗಲೂ 123 ಸೆಂ.ಮೀ. ಮುಚ್ಚುತ್ತದೆ. ಮಡಚಿದಾಗ ಒಂದೊಂದು ಹಲಗೆಗೆ 2 ಸೆಂ.ಮೀ. ಜಾಗ ಹಿಡಿದರೆ, ಇಡೀ ಕಟ್ಟಿಗೆ ಪಕ್ಕದಲ್ಲಿ 16 ಸೆಂ.ಮೀ. ಗೋಡೆ ಬೇಕು.

ಭಾರವನ್ನು ಮೇಲಿನ ಚಾನೆಲ್ ಹೊರಲಿ. ಕೆಳಗಿನದು ದಾರಿ ತೋರಿಸಲಷ್ಟೇ, ಅದಕ್ಕೆ ನೀರಿಳಿಯುವ ತೂತು ಕಡ್ಡಾಯ. ಕೆಳಗೆ ಭಾರ ಕೂರಿಸಿದರೆ ತರಗೆಲೆ, ಮಣ್ಣು ತುಂಬಿ ಮೊದಲ ಮಳೆಗಾಲಕ್ಕೇ ರೋಲರ್ ಕೂತುಬಿಡುತ್ತದೆ. ಕೀಲು ಸ್ಟೇನ್‌ಲೆಸ್ ಸ್ಟೀಲ್, ಹಲಗೆ ಅಲ್ಯೂಮಿನಿಯಂ ಆದರೆ ನಡುವೆ ನೈಲಾನ್ ವಾಷರ್ ಹಾಕಿ. ಒದ್ದೆಯಲ್ಲಿ ಎರಡು ಲೋಹ ತಾಗಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ.

2 ಮಿ.ಮೀ. ಅಲ್ಯೂಮಿನಿಯಂ ಹಾಳೆಯ ಎಂಟೂ ಹಲಗೆ ಸೇರಿ 8-9 ಕಿಲೋ ಆಸುಪಾಸು. ಅದನ್ನು ನೋಡಿ ಬೋಲ್ಟ್ ಆರಿಸಬೇಡಿ. ಸೆಕೆಂಡಿಗೆ 33 ಮೀಟರ್ ವೇಗದ ಗಾಳಿ 120 ಸೆಂ.ಮೀ. ಅಗಲ, ಅಷ್ಟೇ ಎತ್ತರದ ಮರೆಯನ್ನು ಸುಮಾರು 95 ಕಿಲೋ ಭಾರದಷ್ಟು ತಳ್ಳುತ್ತದೆ. ಬಿರುಗಾಳಿ ಎದ್ದರೆ ಎರಚಲಿನ ಆಸೆ ಬಿಟ್ಟು ಪೂರ್ತಿ ಮಡಚಿ ಚಿಲಕ ಹಾಕಿ. ಅರ್ಧ ತೆರೆದದ್ದೇ ಮೊದಲು ಮುರಿಯುವುದು.

ಮೋಟಾರ್ ಬೇಕೇ? ಪ್ಯಾರಿಸ್‌ನ ಅರಬ್ ವರ್ಲ್ಡ್ ಇನ್‌ಸ್ಟಿಟ್ಯೂಟ್ ಕಟ್ಟಡದಲ್ಲಿ (1987) ಬೆಳಕಿಗೆ ತಕ್ಕಂತೆ ತೆರೆದು ಮುಚ್ಚುವ ಲೋಹದ ಕಣ್ಣುಗಳಲ್ಲಿ ಎಷ್ಟೋ ಕೆಟ್ಟು ನಿಂತವು. ಮನೆಗೆ ಕೈಯಲ್ಲಿ ಎಳೆಯುವುದೇ ಒಳ್ಳೆಯದು. ಶಾಲೆ, ಕಚೇರಿಗೆ ಹಾಕುವುದಾದರೆ ಬೆಳಕಿನ ಸೆನ್ಸರ್‌ಗಿಂತ ಟೈಮರ್ ಮೇಲು. ಮೋಡ ಬಂದುಹೋದಾಗಲೆಲ್ಲ ಸೆನ್ಸರ್ ಮರೆಯನ್ನು ಎಳೆದಾಡಿಸಿ ಸವೆಸುತ್ತದೆ. ಕರೆಂಟ್ ಹೋದಾಗ ಕೈಯಿಂದ ಬಿಡಿಸುವ ವ್ಯವಸ್ಥೆಯಿಲ್ಲದ ಮೋಟಾರನ್ನು ನಮ್ಮ ಕಡೆ ಕೊಳ್ಳಲೇಬಾರದು. ಮೇ ತಿಂಗಳಲ್ಲಿ ಒಮ್ಮೆ ಚಾನೆಲ್ ತೊಳೆದು ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ, ಗ್ರೀಸ್ ಬೇಡ, ಧೂಳು ಹಿಡಿದು ಗಟ್ಟಿಯಾಗುತ್ತದೆ.