ಒಂಟಿ ಪದ ಬಾಯಿಪಾಠ ಮಾಡಿದರೆ ಇಂಗ್ಲಿಷ್ ಬರಲ್ಲ ಮಾರಾಯ್ರೇ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಿಂದ ಮಾತಾಡುತ್ತಿದ್ದೇನೆ. ಹಿಂದೆ ದಬದಬ ಅಂತ ಸದ್ದು ಕೇಳಿದರೆ ಅದು ತಗಡಿನ ಮೇಲೆ ಬೀಳುತ್ತಿರುವ ಮಳೆ. ಮೈಕ್ ಸರಿಯಿಲ್ಲ ಅಂತ ಬರೆಯಬೇಡಿ. ಮೈಕ್ ಹೊಸದು, ಇನ್ನೂ ಕಂತು ಕಟ್ಟುತ್ತಿದ್ದೇನೆ.

ವಿಷಯಕ್ಕೆ ಬರೋಣ. ಹೋದ ವಿಡಿಯೋಗೆ ಒಬ್ಬರು ಕಮೆಂಟ್ ಹಾಕಿದ್ದಾರೆ. "ಸರ್, ಕಥೆ ಸಾಕು. ದಿನಬಳಕೆಯ 5000 ಇಂಗ್ಲಿಷ್ ಪದಗಳ ಪಿಡಿಎಫ್ ಹಾಕಿ. ಎದುರಿಗೆ ಕನ್ನಡ ಅರ್ಥ ಇರಲಿ." ಅದಕ್ಕೆ ಕೆಳಗೆ "ನನಗೂ ಬೇಕು", "ನನಗೂ ಬೇಕು", "ಪ್ಲೀಸ್ ಸರ್" ಅಂತ ಸಾಲು. ನನ್ನ ವಿಡಿಯೋಗಿಂತ ಆ ಕಮೆಂಟಿಗೇ ಮರ್ಯಾದೆ ಜಾಸ್ತಿ ಸಿಕ್ಕಿದೆ.

ಅಲ್ಲ, ಆ 5000 ಪದ ಇಟ್ಟುಕೊಂಡು ಏನು ಮಾಡುತ್ತೀರಿ? ಉಪ್ಪಿನಕಾಯಿ ಹಾಕುತ್ತೀರಾ? ಅಂದ ಹಾಗೆ ಉಪ್ಪಿನಕಾಯಿ ಅಂದ ಕೂಡಲೇ ನೆನಪಾಯಿತು. ನಮ್ಮ ಅತ್ತಿಗೆ ಮಾಡುವ ಅಪ್ಪೆಮಿಡಿ ಉಪ್ಪಿನಕಾಯಿ ಈ ವರ್ಷದ್ದು ರೆಡಿ ಇದೆ. ಲಿಂಕ್ ಕೆಳಗೆ ಇದೆ. ಬೇಗ ಖಾಲಿಯಾಗುತ್ತದೆ, ಆಮೇಲೆ ನನಗೆ ಫೋನ್ ಮಾಡಬೇಡಿ.

ನಾನು ಹೇಳೋದು ಒಂದೇ ಮಾತು. ಇಂಗ್ಲಿಷ್ ಪದ ಒಂಟಿಯಾಗಿ ಓಡಾಡಲ್ಲ. ಜೊತೆ ಇಟ್ಟುಕೊಂಡು ಓಡಾಡುತ್ತದೆ. ಪದ ಕಲಿಯುವುದಾದರೆ ಅದರ ಜೊತೆಗಾರನನ್ನೂ ಸೇರಿಸಿ ಕಲಿಯಿರಿ. ಇಲ್ಲದಿದ್ದರೆ ಕಲಿಯಲೇಬೇಡಿ, ಆ ಟೈಮಲ್ಲಿ ತೋಟಕ್ಕಾದರೂ ಹೋಗಿ ಬನ್ನಿ.

ನಮ್ಮ ಪಕ್ಕದ ಬೀದಿಯ ಪಿಯುಸಿ ಹುಡುಗನೊಬ್ಬನ ನೋಟ್‌ಬುಕ್ ನೋಡಿದೆ. ಇನ್ನೂರು ಪೇಜಿನದು. ಪ್ರತಿ ಪುಟದ ನಡುವೆ ಸ್ಕೇಲ್ ಇಟ್ಟು ಕೆಂಪು ಪೆನ್ನಲ್ಲಿ ಗೆರೆ. ಎಡಗಡೆ ಇಂಗ್ಲಿಷ್, ಬಲಗಡೆ ಕನ್ನಡ. ಅಕ್ಷರ ಮುತ್ತು ಪೋಣಿಸಿದಂತಿದೆ, ಅದಕ್ಕೆ ಏನೂ ಹೇಳುವ ಹಾಗಿಲ್ಲ. "ಡೂ, ಮಾಡು." ನಾಲ್ಕು ಸಾಲು ಕೆಳಗೆ "ಮೇಕ್, ಮಾಡು." ಇನ್ನೊಂದು ಪುಟದಲ್ಲಿ "ಪರ್ಫಾರ್ಮ್, ಮಾಡು." ಅದೇ ಹುಡುಗ ರಜಾ ಅರ್ಜಿಯಲ್ಲಿ ಏನು ಬರೆದಿದ್ದ ಗೊತ್ತಾ? "ಐ ಡಿಡ್ ಎ ಮಿಸ್ಟೇಕ್. ಐ ವಿಲ್ ಮೇಕ್ ದ ಹೋಂವರ್ಕ್." ಎರಡೂ ಉಲ್ಟಾ! ಮಿಸ್ಟೇಕ್ ಜೊತೆ ಮೇಕ್ ಬರಬೇಕು, ಹೋಂವರ್ಕ್ ಜೊತೆ ಡೂ ಬರಬೇಕು. ಅವನ ತಪ್ಪಾ ಇದು? ಲಿಸ್ಟ್ ಅವನಿಗೆ ಸುಳ್ಳು ಹೇಳಿಲ್ಲ. ಎರಡಕ್ಕೂ ಅರ್ಥ ಮಾಡು ಅಂತಲೇ. ಆದರೆ ಯಾವುದಕ್ಕೆ ಯಾವ ಜೋಡಿ ಅಂತ ಲಿಸ್ಟ್ ಬಾಯಿ ಬಿಟ್ಟಿಲ್ಲ.

ನಮ್ಮ "ಮಾಡು" ಅನ್ನೋ ಮಾತು ಭಾರಿ ಉದಾರಿ. ಸ್ನಾನ ಮಾಡು, ಊಟ ಮಾಡು, ಕೆಲಸ ಮಾಡು, ತಪ್ಪು ಮಾಡು, ಸಾಲ ಮಾಡು, ಭಾಷಣ ಮಾಡು, ಮೀಟಿಂಗ್ ಮಾಡು, ಕೊಲೆ ಮಾಡು. ಎಲ್ಲದಕ್ಕೂ ಅದೇ ಒಬ್ಬ ಆಳು. ಇಂಗ್ಲಿಷ್‌ನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಆಳು ಬೇಕು. ಬಾತ್ ಆದರೆ ಟೇಕ್. ಲಂಚ್ ಆದರೆ ಹ್ಯಾವ್. ವರ್ಕ್ ಆದರೆ ಡೂ. ಲೋನ್ ಆದರೆ ಮತ್ತೆ ಟೇಕ್. ಸ್ಪೀಚ್ ಆದರೆ ಗಿವ್ ಅಥವಾ ಡೆಲಿವರ್. ಮೀಟಿಂಗ್ ಆದರೆ ಹೋಲ್ಡ್. ಮರ್ಡರ್ ಆದರೆ ಕಮಿಟ್. ಯಾಕೆ ಹಾಗೆ ಅಂತ ಕೇಳಬೇಡಿ. ಹಾಗೇ.

ಕನ್ನಡದಲ್ಲೂ ಹಾಗೇ ತಾನೇ? ಸೀರೆ ಉಡುತ್ತಾರೆ. ಬಳೆ ತೊಡುತ್ತಾರೆ. ಹೂವು ಮುಡಿಯುತ್ತಾರೆ. ಕುಂಕುಮ ಇಡುತ್ತಾರೆ. ಚಪ್ಪಲಿ ಮೆಟ್ಟುತ್ತಾರೆ. ಇಂಗ್ಲಿಷಿನವನಿಗೆ ಇಷ್ಟಕ್ಕೂ ಒಂದೇ ವೇರ್. ಅವನು ನಮ್ಮೂರಿಗೆ ಬಂದು "ಅವರು ಹೂವು ಉಟ್ಟಿದ್ದಾರೆ, ಸೀರೆ ಮುಡಿದಿದ್ದಾರೆ" ಅಂದರೆ ನೀವು ನಗಲ್ವಾ? ಅವನ ವ್ಯಾಕರಣದಲ್ಲಿ ಏನೂ ತಪ್ಪಿಲ್ಲ. ಕ್ರಿಯಾಪದದ ರೂಪ ಸರಿ, ಕಾಲ ಸರಿ. ಆದರೂ ನಗುತ್ತೀರಿ. ಅವರು ನಮ್ಮ ಇಂಗ್ಲಿಷ್ ಕೇಳಿ ಮುಸಿಮುಸಿ ನಗುವುದೂ ಇದಕ್ಕೇ.

ಇದು ನಾನು ಕಂಡುಹಿಡಿದದ್ದಲ್ಲ. ನಾನು ಕಂಡುಹಿಡಿದಿದ್ದರೆ ಇಷ್ಟೊತ್ತಿಗೆ ಬೇರೆ ಕಾರು ಇರುತ್ತಿತ್ತು. ಹೆರಾಲ್ಡ್ ಪಾಮರ್ ಅಂತ ಒಬ್ಬರು ಜಪಾನಿನಲ್ಲಿ ಇಂಗ್ಲಿಷ್ ಕಲಿಸುವ ಕ್ರಮವನ್ನೇ ತಿದ್ದುತ್ತಿದ್ದರು. ಒಟ್ಟೊಟ್ಟಿಗೆ ಬರುವ ಇಂಗ್ಲಿಷ್ ಪದಗಳ ಬಗ್ಗೆ ಟೋಕಿಯೋದಲ್ಲಿ ಕೂತು 1933ರಲ್ಲೇ ವರದಿ ಹೊರತಂದರು. ಅವರ ಜೊತೆ ಕೆಲಸ ಮಾಡಿದ ಹಾರ್ನ್‌ಬಿ 1942ರಲ್ಲಿ ಅಲ್ಲೇ ಒಂದು ನಿಘಂಟು ತಂದರು. ಅದೇ ಮುಂದೆ ಆಕ್ಸ್‌ಫರ್ಡಿನವರ ದಪ್ಪ ಲರ್ನರ್ಸ್ ಡಿಕ್ಷನರಿ ಆಯಿತು. ನಿಮ್ಮ ಮನೆಯ ಕಪಾಟಿನಲ್ಲಿ ಧೂಳು ಹಿಡಿದು ಕೂತಿರುವುದು ಅದೇ. ಅದನ್ನು ತೆಗೆದು ಮೇಕ್ ಅನ್ನುವ ಪದ ನೋಡಿ. ಯಾವುದರ ಜೊತೆ ಬರುತ್ತದೆ ಅಂತ ಸಾಲು ಸಾಲು ಉದಾಹರಣೆ ಇರುತ್ತದೆ. ನಾವು ಏನು ಮಾಡುತ್ತೇವೆ? ಮೊದಲ ಅರ್ಥ ನೋಡಿ ಪುಸ್ತಕ ಮುಚ್ಚುತ್ತೇವೆ.

ಆಮೇಲೆ ಜೆ. ಆರ್. ಫರ್ತ್. ಲಂಡನ್ನಿನಲ್ಲಿ ಪ್ರೊಫೆಸರ್ ಆಗುವ ಮೊದಲು ಲಾಹೋರಿನಲ್ಲಿ ಪಾಠ ಮಾಡಿದವರು. 1957ರಲ್ಲಿ ಅವರು ಬರೆದ ಮಾತು ಭಾಷಾವಿಜ್ಞಾನ ಓದಿದ ಎಲ್ಲರಿಗೂ ಗೊತ್ತು: ಪದ ಯಾರ ಸಹವಾಸದಲ್ಲಿದೆ ಅಂತ ನೋಡಿದರೆ ಅದು ಎಂಥದ್ದು ಅಂತ ತಿಳಿಯುತ್ತದೆ. ಮಲೆನಾಡಿನವರಿಗೆ ಇದನ್ನು ಲಂಡನ್ನಿನಿಂದ ಬಂದು ಹೇಳಬೇಕಾ? ತೀರ್ಥಹಳ್ಳಿ ಕಡೆ ಒಂದು ಮದುವೆ ಮನೆಗೆ ಹೋಗಿ. ನಿಮ್ಮ ಹೆಸರು ಯಾರೂ ಮೊದಲು ಕೇಳಲ್ಲ. "ಯಾವೂರಾಯ್ತು? ಯಾರ ಮನೆ ಕಡೆಯವರು?" ಅಷ್ಟು ಗೊತ್ತಾದರೆ ನಿಮ್ಮ ಜಾತಕವೇ ಗೊತ್ತಾದ ಹಾಗೆ. ಹೆಸರು ತಗೊಂಡು ಏನು ಮಾಡುತ್ತಾರೆ?

ಈಗ ಬುದ್ಧಿವಂತರು ಬರುತ್ತಾರೆ. "ಸರ್, ಗ್ರಾಮರ್ ಗಟ್ಟಿ ಇದ್ದರೆ ಸಾಕು." ಹೌದಾ? ಸ್ಟ್ರಾಂಗ್ ಟೀ ಅಂತೀವಿ. ಪವರ್‌ಫುಲ್ ಟೀ ಅಂದು ನೋಡಿ. ಗ್ರಾಮರ್ ಪ್ರಕಾರ ಒಂದು ಕೂದಲು ಕೊಂಕಿಲ್ಲ. ಆದರೆ ದುರ್ಗಿಗುಡಿಯಲ್ಲಿ ಯಾವ ಹೋಟೆಲಿಗೆ ಬೇಕಾದರೂ ಹೋಗಿ "ಒಂದು ಪವರ್‌ಫುಲ್ ಕಾಫಿ" ಅನ್ನಿ. ಮಾಣಿ ನಿಮ್ಮ ಮುಖ ನೋಡುತ್ತಾನೆ. ಕಾಫಿ ಸ್ಟ್ರಾಂಗ್, ಎಂಎಲ್ಎ ಪವರ್‌ಫುಲ್. ಈ ವ್ಯತ್ಯಾಸ ಆ ಮಾಣಿಗೆ ಗೊತ್ತು. ಅವನು ಯಾವ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೂ ಹೋಗಿಲ್ಲ. ಗಾಡಿ ಅಂಗಡಿಯವನು "ಫಾಸ್ಟ್ ಫುಡ್" ಅಂತಲೇ ಬೋರ್ಡ್ ಹಾಕುತ್ತಾನೆ, "ಕ್ವಿಕ್ ಫುಡ್" ಅಂತ ಹಾಕಲ್ಲ. "ಹಾಫ್ ಪ್ಲೇಟ್" ಅಂತಾನೆ. ಒಂದೂ ತಪ್ಪಲ್ಲ! ಯಾಕೆ ಹೇಳಿ? ಅವನು ಜೋಡಿಯನ್ನೇ ಕಿವಿಯಲ್ಲಿ ಹಿಡಿದ. ನೀವು ಒಂಟಿ ಪದ ಹಿಡಿದುಕೊಂಡು ಕೂತಿರಿ.

ಮಳೆ ತಗೊಳ್ಳಿ. ಜೋರು ಮಳೆ ಅಂತೀವಿ ಅಂತ ಕೆಲವರು "ಸ್ಟ್ರಾಂಗ್ ರೈನ್" ಅಂತ ಬರೆಯುತ್ತಾರೆ. ಅಲ್ಲ ಸ್ವಾಮಿ. ರೈನ್ ಹೆವಿ, ವಿಂಡ್ ಸ್ಟ್ರಾಂಗ್. ಹವಾಮಾನ ಇಲಾಖೆಯವರು ಈ ಜೋಡಿಗೆ ಅಳತೆಯನ್ನೇ ಕಟ್ಟಿದ್ದಾರೆ. 24 ಗಂಟೆಯಲ್ಲಿ 64.5 ಮಿಲಿಮೀಟರಿನಿಂದ 115.5ರವರೆಗೆ ಬಿದ್ದರೆ ಹೆವಿ. ಅಲ್ಲಿಂದ 204.4ರವರೆಗೆ ವೆರಿ ಹೆವಿ. ಅದನ್ನೂ ದಾಟಿದರೆ ಎಕ್ಸ್‌ಟ್ರೀಮ್ಲಿ ಹೆವಿ. ಆಗುಂಬೆಯವರು ಈ ಮೂರನ್ನೂ ನೋಡಿದ್ದಾರೆ, ಕೊಡೆ ಮಡಚದೆ. ಮಕ್ಕಳು ಬೆಳಿಗ್ಗೆ ಎದ್ದು ಡಿಸಿ ರಜೆ ಕೊಟ್ಟರಾ ಅಂತ ಕೇಳುವುದು ಈ ಹೆವಿ ಮೇಲೆಯೇ. ಸ್ಟ್ರಾಂಗ್ ರೈನ್‌ಗೆ ಯಾರೂ ರಜೆ ಕೊಡಲ್ಲ! ಅದೇ ಹೆವಿ ಟ್ರಾಫಿಕ್ ಜೊತೆಗೂ ಹೋಗುತ್ತದೆ, ಸ್ಮೋಕರ್ ಜೊತೆಗೂ ಹೋಗುತ್ತದೆ. ಹೆವಿ ಸ್ಮೋಕರ್ ಅಂದರೆ ದಪ್ಪ ಮನುಷ್ಯ ಅಲ್ಲ. ಕಡ್ಡಿ ಥರ ಇರಬಹುದು, ಸೇದೋದು ಮಾತ್ರ ಜಾಸ್ತಿ. ನಿಮ್ಮ ಪಿಡಿಎಫ್‌ನಲ್ಲಿ ಹೆವಿ ಎದುರು ಏನಿರುತ್ತದೆ? "ಭಾರವಾದ." ಭಾರವಾದ ಸಿಗರೇಟು ಸೇದುವವನು. ಹಾಕಿಕೊಳ್ಳಿ.

ಇನ್ನೊಬ್ಬರು ಬರುತ್ತಾರೆ. "ಸರ್, 850 ಪದ ಸಾಕಂತೆ, ಒಬ್ಬ ಇಂಗ್ಲಿಷಿನವನೇ ಹೇಳಿದ್ದಾನೆ." ಹೌದು, ಸಿ. ಕೆ. ಆಗ್ಡೆನ್ ಅಂತ. 1930ರಲ್ಲಿ ಬೇಸಿಕ್ ಇಂಗ್ಲಿಷ್ ಅಂತ 850 ಪದದ ಪಟ್ಟಿ ಮಾಡಿದರು. ಕ್ರಿಯಾಪದಗಳನ್ನು ಬೆರಳೆಣಿಕೆಗೆ ಇಳಿಸಿದರು. ಗೆಟ್, ಗಿವ್, ಪುಟ್, ಟೇಕ್, ಹೀಗೆ. ಎಲ್ಲಾ ಚಿಲ್ಲರೆ ಪದಗಳು. ಕೇಳೋಕೆ ಚೆಂದ. ಈಗ "ಪುಟ್ ಅಪ್ ವಿತ್" ಬಿಡಿಸಿ. ಪುಟ್ ಅಂದರೆ ಇಡು. ಅಪ್ ಅಂದರೆ ಮೇಲೆ. ವಿತ್ ಅಂದರೆ ಜೊತೆ. ಮೂರೂ ನಿಮ್ಮ ಪಟ್ಟಿಯ ಮೊದಲ ಪುಟದಲ್ಲೇ ಇರುತ್ತವೆ. ಮೂರೂ ಸೇರಿದರೆ ಏನು? ಸಹಿಸಿಕೊಳ್ಳುವುದು! ಇಡು, ಮೇಲೆ, ಜೊತೆ. ಇದರಲ್ಲಿ ಸಹನೆ ಎಲ್ಲಿಂದ ಬಂತು? ಪದ ಚಿಕ್ಕದಾದಷ್ಟೂ ಸಹವಾಸ ದೊಡ್ಡದು. ಕಷ್ಟದ ಪದ ಸುಲಭ, ಸುಲಭದ ಪದ ಕಷ್ಟ. ಇದನ್ನು ಬೇಕಾದರೆ ಸ್ಟೇಟಸ್ ಹಾಕಿಕೊಳ್ಳಿ, ಚಾನೆಲ್ ಹೆಸರು ಮಾತ್ರ ಕೆಳಗೆ ಇರಲಿ.

ಇನ್ನು ಇದು ಕೇಳಿ, ನನಗೆ ತುಂಬಾ ಇಷ್ಟವಾದದ್ದು. ಜಾನ್ ಸಿಂಕ್ಲೇರ್ ಅಂತ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಪ್ರೊಫೆಸರ್. ಲಕ್ಷಗಟ್ಟಲೆ ವಾಕ್ಯ ಕಂಪ್ಯೂಟರಿಗೆ ತುಂಬಿ 1987ರಲ್ಲಿ ಕೋಬಿಲ್ಡ್ ನಿಘಂಟು ತಂದರು. ಕಂಪ್ಯೂಟರ್ ಏನು ಮಾಡುತ್ತದೆ ಅಂದರೆ, ನೀವು ಕೇಳಿದ ಪದವನ್ನು ಪರದೆಯ ನಡುವೆ ಒಂದರ ಕೆಳಗೊಂದು ನಿಲ್ಲಿಸುತ್ತದೆ. ಎಡಕ್ಕೆ ಬಂದ ಮಾತು, ಬಲಕ್ಕೆ ಬಂದ ಮಾತು ಎಲ್ಲಾ ಕಣ್ಣಿಗೆ ಬೀಳುತ್ತದೆ. ಹಾಗೆ "ಕಾಸ್" ಅನ್ನುವ ಪದ ನಿಲ್ಲಿಸಿ ನೋಡಿದವರಿದ್ದಾರೆ. ದುಡ್ಡಿನ ಕಾಸಲ್ಲ, ಕಾರಣವಾಗು ಅನ್ನುವ ಕಾಸ್. ಬಲಗಡೆ ನೋಡಿದರೆ ಪ್ರಾಬ್ಲಂ, ಡ್ಯಾಮೇಜ್, ಆಕ್ಸಿಡೆಂಟ್, ಕ್ಯಾನ್ಸರ್, ಡೆತ್. ಹೆಚ್ಚಿನದೆಲ್ಲ ಅಪಶಕುನ! ಡಿಕ್ಷನರಿ ಅರ್ಥದಲ್ಲಿ ಆ ಪದ ಪಾಪದ್ದು, ಒಳ್ಳೆಯದೂ ಅಲ್ಲ ಕೆಟ್ಟದ್ದೂ ಅಲ್ಲ. ಸಹವಾಸ ನೋಡಿದರೆ ಮಾತ್ರ ಬಂಡವಾಳ ಬಯಲು. ಈಗ ಯಾರಿಗೋ ಸನ್ಮಾನಪತ್ರ ಬರೆಯುತ್ತೀರಿ. "ಯು ಕಾಸ್ಡ್ ಡೆವಲಪ್‌ಮೆಂಟ್ ಇನ್ ಅವರ್ ವಿಲೇಜ್." ಅವರು ಶಾಲು ಹೊದ್ದು ಹಾರ ಹಾಕಿಸಿಕೊಂಡು ನಗುತ್ತಾ ನಿಂತಿರುತ್ತಾರೆ. ಇಂಗ್ಲಿಷ್ ಬಲ್ಲವರ ಕಿವಿಗೆ ಅದು ಊರಿಗೆ ಡೆವಲಪ್‌ಮೆಂಟ್ ಅನ್ನೋ ರೋಗ ತಂದರು ಅಂದ ಹಾಗೆ ಕೇಳುತ್ತದೆ.

ಒಂದು ನಿಮಿಷ. ಕರೆಂಟ್ ಹೋಯಿತು. ಯುಪಿಎಸ್ ಕುಂಯ್ ಅನ್ನುತ್ತಿದೆ. ಬೇಗ ಬೇಗ ಹೇಳುತ್ತೇನೆ.

"ಇದು ನಮ್ಮ ಇಂಡಿಯನ್ ಇಂಗ್ಲಿಷ್, ಬಿಳಿಯರ ಜೋಡಿ ನಮಗ್ಯಾಕೆ" ಅನ್ನುವ ಕ್ರಾಂತಿಕಾರಿಗಳಿಗೆ ಒಂದು ಮಾತು. ತುಂಬಾ ಸಂತೋಷ. ಇಂಡಿಯನ್ ಇಂಗ್ಲಿಷಿಗೂ ಅದರದ್ದೇ ಜೋಡಿಗಳಿವೆ. "ಡೂ ದ ನೀಡ್‌ಫುಲ್" ಅಂತ ನಮ್ಮ ಆಫೀಸಿನವರು ಬರೆಯುತ್ತಾರೆ. ಯಾರಾದರೂ "ಮೇಕ್ ದ ನೀಡ್‌ಫುಲ್" ಅಂತ ಬರೆದದ್ದು ನೋಡಿದ್ದೀರಾ? ಇಲ್ಲ! ಪಕ್ಕದ ಕೊಲ್ಹಾಪುರದಲ್ಲಿ, ಶಿವಾಜಿ ವಿಶ್ವವಿದ್ಯಾಲಯದಲ್ಲಿ, 1978ರಲ್ಲಿ ಅಚ್ಚಾದ ಭಾರತೀಯ ಇಂಗ್ಲಿಷ್ ಬರಹಗಳಿಂದ ಹತ್ತು ಲಕ್ಷ ಪದ ಒಟ್ಟು ಮಾಡಿ ಇಟ್ಟಿದ್ದಾರೆ. ನಮ್ಮ ಇಂಗ್ಲಿಷ್ ಹೇಗಿದೆ ಅಂತ ನೋಡೋಕೇ. ಆದ್ದರಿಂದ ಸ್ವಾಭಿಮಾನದ ಹೆಸರಲ್ಲಿ ಸೋಮಾರಿತನ ಬೇಡ.

"ಫೋನೇ ಟ್ರಾನ್ಸ್‌ಲೇಟ್ ಮಾಡುತ್ತದಲ್ಲ ಸರ್." ನಿಮ್ಮ ಫೋನಿನಲ್ಲಿ "ಹ್ಯಾಪಿ" ಅಂತ ಟೈಪ್ ಮಾಡಿ ನೋಡಿ. ಮುಂದಿನ ಪದ ಅದೇ ತೋರಿಸುತ್ತದೆ, "ಬರ್ತ್‌ಡೇ". ಯಾವ ಪದದ ಹಿಂದೆ ಯಾವ ಪದ ಬರುತ್ತದೆ ಅಂತ ಲೆಕ್ಕ ಹಾಕಿಯೇ ಅದು ಕಲಿತದ್ದು. ಫೋನಿಗೆ ಅರ್ಥವಾಗಿದೆ, ನಿಮಗೆ ಆಗಿಲ್ಲ! ಫೋನು ಜೋಡಿ ಕಲಿಯಿತು, ನೀವು ಪಿಡಿಎಫ್ ಕೇಳುತ್ತಿದ್ದೀರಿ!

ಮತ್ತೆ ಹೇಳುತ್ತೇನೆ. ಜೋಡಿ. ಜೋಡಿ ಕಲಿಯಿರಿ. ಆ ಕೆಂಪು ಗೆರೆಯ ನೋಟ್‌ಬುಕ್ ರದ್ದಿಗೆ ಹಾಕಿ. "ಮೇಕ್, ಮಾಡು" ಅಂತ ಬರೆಯೋ ಬದಲು "ಮೇಕ್ ಎ ಮಿಸ್ಟೇಕ್" ಅಂತ ಇಡೀ ಬರೆಯಿರಿ. "ಪೇ ಅಟೆನ್ಷನ್" ಅಂತ ಇಡೀ ಬರೆಯಿರಿ. ಗಮನಕ್ಕೆ ಯಾಕೆ ದುಡ್ಡು ಕೊಡಬೇಕು ಅಂತ ಕೇಳಬೇಡಿ. ಕೊಡಬೇಕು, ಕೊಡಿ. ಇಷ್ಟು ಹೇಳಿದ ಮೇಲೂ "ಸರ್, ಪದಗಳ ಪಟ್ಟಿ" ಅಂತ ಬರೆದರೆ ಬ್ಲಾಕ್. ಸೀದಾ ಬ್ಲಾಕ್. ನನ್ನ ಸಬ್‌ಸ್ಕ್ರೈಬರ್ ಕಮ್ಮಿ ಆದರೆ ಆಗಲಿ. ಅಲ್ಲ, ಜಾಸ್ತಿ ಕಮ್ಮಿ ಆಗೋದು ಬೇಡ, ಮೈಕಿನ ಕಂತು ಇದೆ.

ಭಾನುವಾರದ ಆನ್‌ಲೈನ್ ಬ್ಯಾಚಿಗೆ ಇನ್ನೂ ಸ್ವಲ್ಪ ಜಾಗ ಇದೆ. ಬರೀ ಜೋಡಿ, ಒಂಟಿ ಪದ ಕೇಳಿದವರಿಗೆ ಪ್ರವೇಶ ಇಲ್ಲ. ಮುಂದಿನ ವಾರ "ಗೆಟ್" ಒಂದನ್ನೇ ಹಿಡಿದುಕೊಂಡು ಕೂರೋಣ. ಗೆಟ್ ಅಪ್, ಗೆಟ್ ಆಫ್, ಗೆಟ್ ಓವರ್, ಗೆಟ್ ಅಲಾಂಗ್. ಈಗ ಕೆಳಗೆ ಹೆವಿ ಜೊತೆ ಬರುವ ಮೂರು ಪದ ಬರೆಯಿರಿ, ನಾನು ಹೇಳಿದ್ದು ಬಿಟ್ಟು. ಗೂಗಲ್ ನೋಡಿದರೆ ನನಗೆ ಗೊತ್ತಾಗುತ್ತದೆ. ಹೇಗೆ ಅಂತ ಕೇಳಬೇಡಿ, ಯುಪಿಎಸ್ ಈಗ ಕೂಗೋದು ಜೋರಾಯಿತು, ಇಡುತ್ತೇನೆ.